ಅರ್ಧ ವಾಲ್ವ್ ಬಂದ್ ಮಾಡಿ ನೋಡು

ಅಪ್ಪನ ಕಣ್ಣು ಕೈಕೊಡುತ್ತಿದೆ ಅಂತ ನಮಗೆ ಗೊತ್ತಾಗಿದ್ದು ಅವರು ದಾವಣಗೆರೆ ಬಸ್‌ಸ್ಟ್ಯಾಂಡಿನಲ್ಲಿ ಜಗಳೂರು ಬಸ್ಸು ಅಂದುಕೊಂಡು ಹರಪನಹಳ್ಳಿ ಬಸ್ಸು ಹತ್ತಿದ ದಿನ. ಕಂಡಕ್ಟರು ಟಿಕೆಟ್ ಕೇಳಿದಾಗ "ಒಂದು ಬಿಳಿಚೋಡು" ಅಂದರಂತೆ. ಬಸ್ಸೆಲ್ಲ ನಕ್ಕಿತಂತೆ. ಮೂವತ್ತು ವರ್ಷ ಮೇಷ್ಟ್ರಾಗಿದ್ದವರಿಗೆ ಬೋರ್ಡು ಓದಲಾಗಲಿಲ್ಲ ಎಂದು ಹೇಳಿಕೊಳ್ಳುವುದಕ್ಕಿಂತ ನಗಿಸಿಕೊಳ್ಳುವುದೇ ಸುಲಭವಾಗಿತ್ತು. ಗ್ಲಾಕೋಮಾ ಅಂದರು ಡಾಕ್ಟರು. ಹೋದ ದೃಷ್ಟಿ ವಾಪಸ್ ಬರುವುದಿಲ್ಲ, ಇರುವುದನ್ನು ಹನಿ ಹಾಕಿಕೊಂಡು ಕಾಯ್ದುಕೊಳ್ಳಿ ಅಂದರು. ಮನೆಗೆ ಬಂದ ಮೇಲೆ ಅಪ್ಪ ಕೇಳಿದ್ದು ಒಂದೇ ಮಾತು: "ಯವ್ವಾ, ಆ ನನ್ ಪದಗಳು ಎಲ್ಲದಾವೆ?"

ಅಪ್ಪ ನಮ್ಮ ಸೀಮೆಯ ಬೇಸಾಯದ ಮಾತುಗಳನ್ನು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದರು. ಕೂರಿಗೆ, ಕುಂಟೆ, ಸಡ್ಡೆ, ಅಕ್ಕಡಿ, ಹಗೇವು, ಮಳೆಯ ಹೆಸರು, ಹಬ್ಬದ ಹೆಸರು, ಬೇಲಿಸಾಲಿನ ಗಿಡಗಳ ಹೆಸರು. ಜಗಳೂರು ಸೀಮೆ ಮಳೆ ಕಮ್ಮಿಯ ನಾಡು. ನೀರು ಕಮ್ಮಿ ಇದ್ದಲ್ಲಿ ನೀರಿನ ಬಗ್ಗೆ ಮಾತು ಜಾಸ್ತಿ ಅಂತ ಅವರ ವಾದ. ಮೊದಲ ಪುಟದಲ್ಲಿ "ಜಗಳೂರು ತಾಲ್ಲೂಕು, ಚಿತ್ರದುರ್ಗ ಜಿಲ್ಲೆ" ಎಂದಿತ್ತು. 1997ರ ಆಗಸ್ಟ್ 15ರಂದು ದಾವಣಗೆರೆ ಬೇರೆ ಜಿಲ್ಲೆಯಾಯಿತು. ನಾವು ಕೂತಲ್ಲೇ ಕೂತಿದ್ದರೂ ವಿಳಾಸ ಬದಲಾಯಿತು. ಅಪ್ಪ ಒಂದು ಗೆರೆ ಎಳೆದು ಮೇಲೆ ದಾವಣಗೆರೆ ಅಂತ ಬರೆದರು. ಆಮೇಲೆ ಯಾವಾಗಲೋ ದಾವಣಗೆರೆಯ ಒಂದು ಡಿಟಿಪಿ ಅಂಗಡಿಯಲ್ಲಿ ಎಲ್ಲವನ್ನೂ ಟೈಪ್ ಮಾಡಿಸಿ ಸಿಡಿಗೆ ಹಾಕಿಸಿಕೊಂಡರು. ಪುಸ್ತಕ ಮಾಡಿಸುವ ದುಡ್ಡು ನನ್ನ ಕಾಲೇಜಿನ ಫೀಸಿಗೆ ಹೋಯಿತು. ಇದನ್ನು ಅಪ್ಪ ಯಾವತ್ತೂ ಹೇಳಿಲ್ಲ, ಅವ್ವ ಹೇಳಿದ್ದು.

ನೋಟ್‌ಬುಕ್ಕುಗಳನ್ನು ಅಟ್ಟದ ಮೇಲೆ ಗೆದ್ದಲು ತಿಂದಿದ್ದವು. ಉಳಿದಿದ್ದು ಸಿಡಿ. ಅದರೊಳಗೆ ಸುಮಾರು ಎರಡು ಸಾವಿರ ಪದಗಳ ಒಂದೇ ಒಂದು ಕಡತ. ಅದನ್ನು ಬೆಂಗಳೂರಿಗೆ ತಂದು ಮೊದಲು ಮೂರು ಕಡೆ ಪ್ರತಿ ಮಾಡಿಟ್ಟೆ. ಆಮೇಲೆ ಮಾಡಿದ್ದರಲ್ಲಿ ಬುದ್ಧಿವಂತಿಕೆಯದು ಅಂತ ಹೇಳಿಕೊಳ್ಳಬಹುದಾದದ್ದು ಅದೊಂದೇ.

ಓದಲಾಗದವರಿಗೆ ಫೋನು ಓದಿ ಹೇಳುತ್ತದಲ್ಲ. ಕಡತವನ್ನು ಅಪ್ಪನ ಫೋನಿಗೆ ಕಳಿಸಿ, ಓದಿಸುವ ಗುಂಡಿ ಒತ್ತಲು ತಮ್ಮನಿಗೆ ಹೇಳಿದೆ. ಫೋನು "ಪಿ, ಎ, ಪೌಂಡ್, ಎ..." ಎಂದು ಶುರು ಮಾಡಿತು. ಅಪ್ಪ ಜೋರಾಗಿ ನಕ್ಕರು. "ಇದ್ಯಾವ ಮಂತ್ರ ಹೇಳ್ತೈತವ್ವ?"

ನುಡಿಯಲ್ಲಿ ಟೈಪ್ ಮಾಡಿದ ಹಳೆಯ ಕಡತ ಕಂಡವರಿಗೆ ಈ ಮಂತ್ರ ಗೊತ್ತಿರುತ್ತದೆ. ಆ ಕಾಲದ ಫಾಂಟುಗಳಲ್ಲಿ ಕನ್ನಡ ಅಕ್ಷರಕ್ಕೆ ತನ್ನದೇ ಅಂಕೆ ಇರಲಿಲ್ಲ. ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳ ಮನೆಯಲ್ಲಿ ಕನ್ನಡದ ಚಿತ್ರಗಳನ್ನು ಬಾಡಿಗೆಗೆ ಇಟ್ಟಿದ್ದರು. 'ಕನ್ನಡ' ಎಂಬ ಪದವೇ ಕಡತದೊಳಗೆ ಪಿ, ತಲೆಯ ಮೇಲೆ ಓರೆಗೆರೆ ಹೊತ್ತ ಎ, ಬ್ರಿಟಿಷ್ ಪೌಂಡಿನ ಗುರುತು, ಮತ್ತೆ ಅದೇ ಎ, ಜರ್ಮನ್ನರ ಜೋಡಿ ಎಸ್ಸು, ಕ್ಯೂ, ಮತ್ತೆ ಎ. ಆ ಫಾಂಟು ಹಾಕಿಕೊಂಡು ನೋಡಿದರೆ ಮಾತ್ರ ಕನ್ನಡ. ಯೂನಿಕೋಡಿನಲ್ಲಿ ಕನ್ನಡಕ್ಕೆ ಸ್ವಂತ ಮನೆ ಇದೆ, ಫೋನು ಓದುವುದು ಅದನ್ನೇ. ಆಗ ನುಡಿ, ಬರಹ ಇಲ್ಲದಿದ್ದರೆ ಅಪ್ಪನ ಪದಗಳು ಕಂಪ್ಯೂಟರಿಗೆ ಬರುತ್ತಲೇ ಇರಲಿಲ್ಲ, ಗೆದ್ದಲಿನ ಪಾಲಾಗುತ್ತಿದ್ದವು. ಹಾಗಾಗಿ ಬಾಡಿಗೆ ಮನೆಯನ್ನು ಬಯ್ಯುವ ಮನಸ್ಸು ನನಗಿಲ್ಲ.

ಜಾಲದಲ್ಲಿ ಉಚಿತ ಪರಿವರ್ತಕಗಳಿವೆ, ಚೆನ್ನಾಗಿಯೂ ಇವೆ. ನನ್ನ ತೊಡಕು ಬೇರೆ. ಅಪ್ಪ ಗಿಡಗಳ ಮುಂದೆ ಚೌಕ ಕಂಸದಲ್ಲಿ ಲ್ಯಾಟಿನ್ ಹೆಸರು ಹಾಕಿಸಿದ್ದರು. ತಂಗಡಿಯ ಮುಂದೆ ಕ್ಯಾಸಿಯಾ ಆರಿಕ್ಯುಲೇಟಾ, ಹೀಗೆ. ಬರೀ ಪಠ್ಯದ ಕಡತದಲ್ಲಿ ಫಾಂಟಿನ ಗುರುತು ಇರುವುದಿಲ್ಲವಾದ್ದರಿಂದ ಪರಿವರ್ತಕಕ್ಕೆ ಇದು ಕನ್ನಡ, ಇದು ಲ್ಯಾಟಿನ್ ಅಂತ ತಿಳಿಯದು. ಅದು ಆರಿಕ್ಯುಲೇಟಾವನ್ನೂ ಕನ್ನಡ ಮಾಡಿ ಕಲಸುಮೇಲೋಗರ ಮಾಡಿಬಿಡುತ್ತಿತ್ತು. ಕಾಲೇಜಿನಲ್ಲಿದ್ದಾಗ ನೋಟ್‌ಪ್ಯಾಡ್ ಪ್ಲಸ್ ಪ್ಲಸ್‌ನೊಳಗೆ ಪೈಥಾನ್ ಓಡಿಸುವ ಪ್ಲಗಿನ್ ಹಾಕಿಕೊಂಡು ಇಂಥದ್ದೇ ಒಂದು ಸಣ್ಣ ಸ್ಕ್ರಿಪ್ಟ್ ಬರೆದಿದ್ದೆ. ಅದಕ್ಕೆ "ಚೌಕ ಕಂಸದೊಳಗಿನದನ್ನು ಮುಟ್ಟಬೇಡ" ಅಂತ ಒಂದು ಸಾಲು ಸೇರಿಸಿದರೆ ಆಯಿತು, ಒಂದು ಸಂಜೆಯ ಕೆಲಸ ಅಂದುಕೊಂಡೆ.

ಹಳೇ ಲ್ಯಾಪ್‌ಟಾಪಿನ ಪ್ಲಗಿನ್‌ಗಳನ್ನು ಹೊಸದಕ್ಕೆ ಕಾಪಿ ಮಾಡಿದೆ. ಎಡಿಟರ್ ತೆರೆದರೆ ಪ್ಲಗಿನ್ ಮೆನುವಿನಲ್ಲಿ ಅವುಗಳ ಸುಳಿವೇ ಇಲ್ಲ. ತಪ್ಪೂ ಇಲ್ಲ, ಒಪ್ಪೂ ಇಲ್ಲ. 2018ರಲ್ಲಿ ಬಂದ 7.6ನೇ ಆವೃತ್ತಿಯಿಂದ ಪ್ರತಿ ಪ್ಲಗಿನ್ನೂ ತನ್ನದೇ ಹೆಸರಿನ ಫೋಲ್ಡರಿನೊಳಗೆ ಇರಬೇಕು. ನಾನು ಹಳೇ ಪದ್ಧತಿಯಂತೆ ಎಲ್ಲವನ್ನೂ ಒಂದೇ ಅಂಗಳದಲ್ಲಿ ಸುರಿದಿದ್ದೆ. ಫೋಲ್ಡರ್ ಮಾಡಿ ಇಟ್ಟೆ. ಈಗ ಒಂದು ಸಂದೇಶ ಬಂತು: ಈ ಪ್ಲಗಿನ್ ಈಗಿನ ಆವೃತ್ತಿಗೆ ಹೊಂದುವುದಿಲ್ಲ, ತೆಗೆದುಹಾಕಲೇ? ಹಳೇ ಲ್ಯಾಪ್‌ಟಾಪಿನಲ್ಲಿದ್ದದ್ದು 32 ಬಿಟ್‌ನದು, ಹೊಸದು 64. ಒಂದೇ ಪ್ರೋಗ್ರಾಮಿನೊಳಗೆ ಎರಡೂ ಕೂಡಿ ಬಾಳುವುದಿಲ್ಲ, ವಿಂಡೋಸ್ ಬಿಡುವುದಿಲ್ಲ. ಯಾವುದು ಎಷ್ಟು ಬಿಟ್ ಎಂದು ತಲೆ ಕೆಡಿಸಿಕೊಳ್ಳುವುದೂ ಬೇಕಿರಲಿಲ್ಲ, ಪ್ರಶ್ನೆ ಗುರುತಿನ ಮೆನುವಿನಲ್ಲಿ ಡೀಬಗ್ ಇನ್ಫೋ ಒತ್ತಿದರೆ ಆವೃತ್ತಿ, ಬಿಟ್, ಇರುವ ಪ್ಲಗಿನ್‌ಗಳ ಪಟ್ಟಿ ಎಲ್ಲ ಒಂದೇ ಕಡೆ ಸಿಗುತ್ತದೆ. ಇದನ್ನು ಮೊದಲೇ ನೋಡುವವರು ಕಡಿಮೆ. ನಾನೂ ನೋಡಲಿಲ್ಲ.

ಪೈಥಾನ್ ಪ್ಲಗಿನ್ನಿನ ಹೊಸ 64 ಬಿಟ್ ಪ್ರತಿಯನ್ನು ಎಡಿಟರಿನೊಳಗಿನಿಂದಲೇ ಹಾಕಿಕೊಂಡೆ. ಅಲ್ಲಿಗೆ ನಿಲ್ಲಿಸಬೇಕಿತ್ತು. ನಿಲ್ಲಿಸದೆ, ಆಫೀಸಿನ ಲ್ಯಾಪ್‌ಟಾಪಿನಲ್ಲಿ ಎಂದೋ ಹಾಕಿಕೊಂಡಿದ್ದ ಹನ್ನೊಂದು ಪ್ಲಗಿನ್‌ಗಳನ್ನೂ ಫೋಲ್ಡರ್ ಸಮೇತ ತಂದು ಇಟ್ಟೆ. ಅವು 64 ಬಿಟ್ಟಿನವೇ. ಯಾವ ಸಂದೇಶವೂ ಬರಲಿಲ್ಲ. ಸ್ಕ್ರಿಪ್ಟ್ ತೆರೆದೆ, ತೆರೆಯಿತು. ಅಪ್ಪನ ಕಡತ ತೆರೆದೆ. ಕಿಟಕಿ ಒಂದು ಕ್ಷಣ ಬಿಳಿಚಿಕೊಂಡು ಮಾಯವಾಯಿತು. ಮತ್ತೆ ತೆರೆದೆ, ಮತ್ತೆ ಮಾಯ. ಬೇರೆ ಯಾವ ಪೈಥಾನ್ ಕಡತ ತೆರೆದರೂ ಏನೂ ಆಗುತ್ತಿರಲಿಲ್ಲ. ಅಪ್ಪನದ್ದು ಮುಟ್ಟಿದರೆ ಮಾತ್ರ ಎಡಿಟರ್ ಕುಸಿಯುತ್ತಿತ್ತು.

ಎರಡು ರಾತ್ರಿ ನಾನು ಅನುಮಾನಿಸಿದ್ದು ಕಡತವನ್ನೇ. ಹಳೇ ಸಿಡಿ, ಎಲ್ಲೋ ಕೆರೆದುಹೋಗಿರಬೇಕು, ಒಳಗಿನ ಬೈಟು ಕೆಟ್ಟಿರಬೇಕು, ಮೂರು ಪ್ರತಿಯೂ ಕೆಟ್ಟದ್ದರ ಪ್ರತಿಯೇ ಇರಬೇಕು. ನೋಟ್‌ಬುಕ್ಕಿಲ್ಲ, ಡಿಟಿಪಿ ಅಂಗಡಿ ಇದ್ದ ಜಾಗದಲ್ಲಿ ಈಗ ಮೊಬೈಲ್ ಅಂಗಡಿ. ಅಪ್ಪ ದಿನಾ ಸಂಜೆ ಫೋನ್ ಮಾಡಿ "ಏನವ್ವ, ಬಂತಾ?" ಎನ್ನುತ್ತಿದ್ದರು. ನಾನು "ಸ್ವಲ್ಪ ಕೆಲಸ ಐತೆ ಅಪ್ಪ, ಭಾನುವಾರ ಮಾಡ್ತೀನಿ" ಎನ್ನುತ್ತಿದ್ದೆ. ಕೆಟ್ಟುಹೋಗಿದೆ ಎಂದು ಹೇಳುವ ವಾಕ್ಯವನ್ನು ಮನಸ್ಸಿನಲ್ಲಿ ಜೋಡಿಸಿಯೂ ಇಟ್ಟುಕೊಂಡಿದ್ದೆ.

ಶನಿವಾರ ರಾತ್ರಿ ಹತ್ತರ ಹೊತ್ತಿಗೆ ತಮ್ಮನ ಫೋನು. ತ್ರೀ ಫೇಸ್ ಕರೆಂಟು ರಾತ್ರಿ ಪಾಳಿ, ತೋಟದಲ್ಲಿದ್ದ. ಡ್ರಿಪ್ಪಿನ ಪೈಪು ಎಲ್ಲೋ ಒಡೆದು ಪ್ರೆಶರ್ ಬರುತ್ತಿಲ್ಲ, ಕತ್ತಲಲ್ಲಿ ಕಾಣುತ್ತಿಲ್ಲ. "ಮತ್ತೆ ಹೆಂಗ್ ಹುಡುಕ್ತೀಯೋ?" ಅಂದೆ. "ಹುಡುಕೋದೇನಕ್ಕ, ಅರ್ಧ ತೋಟದ ವಾಲ್ವ್ ಬಂದ್ ಮಾಡಿ ನೋಡೋದು. ಪ್ರೆಶರ್ ಬಂತು ಅಂದ್ರೆ ಬಂದ್ ಮಾಡಿದ್ ಕಡೀಗೆ ಒಡೆದೈತೆ. ಆ ಅರ್ಧದಾಗೆ ಮತ್ತೆ ಅರ್ಧ." ಮಾತಾಡುತ್ತಲೇ ವಾಲ್ವ್ ತಿರುಗಿಸುತ್ತಿದ್ದ ಸದ್ದು ಕೇಳುತ್ತಿತ್ತು.

ಇದನ್ನು ನಾನು ಕಾಲೇಜಿನಲ್ಲಿ ಬೈನರಿ ಸರ್ಚ್ ಎಂಬ ಹೆಸರಿನಲ್ಲಿ ಓದಿ ಪರೀಕ್ಷೆಯಲ್ಲಿ ಬರೆದು ಬಂದಿದ್ದೆ. ವಿಎಸ್ ಕೋಡ್‌ನಲ್ಲಿ ಎಕ್ಸ್‌ಟೆನ್ಷನ್‌ಗಳನ್ನು ಹೀಗೆ ಅರ್ಧರ್ಧ ಮಾಡಿ ಕೆಟ್ಟದ್ದನ್ನು ಹಿಡಿಯುವ ಸೌಲಭ್ಯ ಒಳಗೇ ಇದೆ, ಆಫೀಸಿನಲ್ಲಿ ಬಳಸಿಯೂ ಇದ್ದೆ. ಅಪ್ಪನ ಕಡತದ ಮುಂದೆ ಕೂತಾಗ ಒಂದೂ ನೆನಪಾಗಲಿಲ್ಲ. ಹೆದರಿದವರಿಗೆ ಕಲಿತದ್ದು ಒದಗುವುದಿಲ್ಲವೋ ಏನೋ. ತಮ್ಮ ಫೋನ್ ಇಡುವ ಮುಂಚೆಯೇ ನಾನು ಕೂತಿದ್ದೆ.

ಮೊದಲು ಎಲ್ಲ ವಾಲ್ವೂ ಬಂದ್. ನೋಟ್‌ಪ್ಯಾಡ್ ಪ್ಲಸ್ ಪ್ಲಸ್ ಅನ್ನು ಯಾವ ಪ್ಲಗಿನ್ನೂ ಇಲ್ಲದೆ ತೆರೆಯಲು ಕಮಾಂಡಿನಲ್ಲಿ ಹೆಸರಿನ ಮುಂದೆ ಒಂದು ಅಡ್ಡಗೆರೆ ಹಾಕಿ 'ನೋಪ್ಲಗಿನ್' ಎಂದು ಇಂಗ್ಲಿಷಿನಲ್ಲಿ ಸೇರಿಸಿದರೆ ಸಾಕು. ಸೇರಿಸಿದೆ. ಅಪ್ಪನ ಕಡತ ತೆರೆದುಕೊಂಡಿತು. ಪಿ, ಎ, ಪೌಂಡ್, ಎ, ಕೊನೆಯ ಸಾಲಿನವರೆಗೂ ಅದೇ ಮಂತ್ರ. ಒಂದಿಡೀ ನಿಮಿಷ ಸುಮ್ಮನೆ ಮೇಲಿಂದ ಕೆಳಗೆ ಸರಿಸುತ್ತ ಕೂತೆ. ಅರ್ಥವಾಗದ ಆ ಗೀಚುಗಳು ಅಷ್ಟು ಚೆಂದ ಕಂಡದ್ದು ಅವತ್ತೇ.

ಆಮೇಲಿನದು ಬೇಗ ಮುಗಿಯಿತು. ತಂದಿದ್ದ ಹನ್ನೊಂದರಲ್ಲಿ ಆರನ್ನು ಆಚೆ ಇಟ್ಟು ಐದರೊಂದಿಗೆ ತೆರೆದೆ, ಏನೂ ಆಗಲಿಲ್ಲ. ಆ ಆರರಲ್ಲಿ ಮೂರನ್ನು ಸೇರಿಸಿದೆ, ಕುಸಿಯಿತು. ಮೂರರಲ್ಲಿ ಒಂದನ್ನೇ ಇಟ್ಟೆ, ಸರಿ. ಎರಡನೆಯದನ್ನು ಇಟ್ಟೆ, ಕುಸಿಯಿತು. ಅದೊಂದು ಕಾಗುಣಿತ ತಿದ್ದುವ ಪ್ಲಗಿನ್; ಆಫೀಸಿನಲ್ಲಿ ಇಂಗ್ಲಿಷ್ ಟಿಪ್ಪಣಿ ಬರೆಯಲು ಹಾಕಿಕೊಂಡಿದ್ದೆ. ಪ್ರೋಗ್ರಾಮಿನ ಕಡತಗಳಲ್ಲಿ ಅದು ಸುಮ್ಮನಿರುವಂತೆ ನಾನೇ ಹೇಳಿಟ್ಟಿದ್ದೆ. ಬರೀ ಪಠ್ಯದ ಕಡತ ತೆರೆದರೆ ಮಾತ್ರ ಎದ್ದು ಓದಲು ಹೋಗುತ್ತಿತ್ತು. ಕಡತ ಅಪ್ಪನದು ಅನ್ನುವುದಕ್ಕೂ ಅದಕ್ಕೂ ಸಂಬಂಧವೇ ಇರಲಿಲ್ಲ.

ಯಾಕೆ ಕುಸಿಯುತ್ತಿತ್ತು ಎನ್ನುವುದು ಇನ್ನೂ ಸ್ವಾರಸ್ಯದ್ದು. 2022ರಲ್ಲಿ ಬಂದ 8.3ನೇ ಆವೃತ್ತಿಯಲ್ಲಿ, 2 ಜಿಬಿಗಿಂತ ದೊಡ್ಡ ಕಡತಗಳನ್ನೂ ತೆರೆಯಲು ಆಗಲಿ ಎಂದು, 64 ಬಿಟ್ ಎಡಿಟರಿಗೂ ಪ್ಲಗಿನ್‌ಗಳಿಗೂ ಇದ್ದ ಕರಾರನ್ನು ಬದಲಾಯಿಸಿದರು. ಪಠ್ಯದ ತುಂಡು ಬೇಕಾದಾಗ ಪ್ಲಗಿನ್ "ಇಲ್ಲಿಂದ ಇಲ್ಲಿಯವರೆಗೆ" ಅಂತ ಎರಡು ಸಂಖ್ಯೆ ಬರೆದು ಚೀಟಿ ಕೊಡುತ್ತದೆ. ಮೊದಲು ಒಂದೊಂದು ಸಂಖ್ಯೆಗೆ 4 ಬೈಟ್ ಜಾಗವಿತ್ತು, ಈಗ 8. ಹಳೇ ಪ್ಲಗಿನ್ 4 ಬೈಟಿನ ಎರಡು ಸಂಖ್ಯೆ ಬರೆದು ಕೊಟ್ಟರೆ ಹೊಸ ಎಡಿಟರ್ ಅವೆರಡನ್ನೂ ಸೇರಿಸಿ ಒಂದೇ ಸಂಖ್ಯೆ ಎಂದು ಓದುತ್ತದೆ. ಪಹಣಿಯಲ್ಲಿ 2 ಎಕರೆ 20 ಗುಂಟೆ ಎಂದಿದ್ದದ್ದನ್ನು ಯಾರೋ 220 ಎಕರೆ ಎಂದು ಓದಿಕೊಂಡು ಅಳೆಯಲು ಹೊರಟ ಹಾಗೆ. ಇಲ್ಲದ ಹೊಲಕ್ಕೆ ಕಾಲಿಟ್ಟು ಬೀಳುವುದೇ. ಪ್ಲಗಿನ್ ಮಾಡಿದವರನ್ನೂ ಎಡಿಟರ್ ಮಾಡಿದವರನ್ನೂ ದೂರುವಂತಿಲ್ಲ. ಹೊಸ ಪ್ರತಿ ಹಾಕಿಕೊಳ್ಳಿ ಎಂದು ಹೇಳಿಯೇ ಇದ್ದರು. ಹಳೆಯದನ್ನು ಹೊತ್ತು ತಂದವಳು ನಾನು. 32 ಬಿಟ್ಟಿನದೇ ಮೇಲು, ಬಾಗಿಲಲ್ಲೇ ನಿಂತು ನನಗೂ ನಿಮಗೂ ಆಗುವುದಿಲ್ಲ ಎಂದು ಹೇಳಿಬಿಟ್ಟಿತ್ತು.

ಪರಿವರ್ತನೆ ಆ ರಾತ್ರಿಯೇ ಮುಗಿಯಿತು. ನಡುವೆ ಎಡಿಟರ್ ಆ ಬೈಟುಗಳನ್ನು ನೋಡಿ ಇದು ಸಿರಿಲಿಕ್ ಲಿಪಿ ಎಂದು ತಾನೇ ಊಹಿಸಿಕೊಂಡು ರಷ್ಯನ್ ತೋರಿಸಿತು. ತಾನಾಗಿ ಊಹಿಸುವ ಆಯ್ಕೆಯನ್ನು ಆರಿಸಿ, ಎನ್‌ಕೋಡಿಂಗನ್ನು ವಿಂಡೋಸ್ 1252 ಎಂದು ಕೈಯಾರೆ ಹೇಳಿದೆ. ರಷ್ಯನ್ ಇರುವಾಗಲೇ ಯುಟಿಎಫ್-8ಗೆ ಬದಲಿಸಿ ಉಳಿಸಿದ್ದರೆ ಬೇರೆ ಕಥೆಯಾಗುತ್ತಿತ್ತು.

ದಸರಾ ರಜೆಗೆ ಊರಿಗೆ ಹೋದೆ. ಕಟ್ಟೆಯ ಮೇಲೆ ಕೂತು ಅಪ್ಪ ಫೋನನ್ನು ಕಿವಿಗೆ ಹತ್ತಿರ ಹಿಡಿದಿದ್ದರು. ಅವರ ಪದಕೋಶ ಅಕಾರಾದಿಯಲ್ಲಿಲ್ಲ, ಮಳೆ ಮತ್ತು ಹಬ್ಬಗಳಿಂದ ಶುರುವಾಗುತ್ತದೆ. ಫೋನಿನ ಹೆಂಗಸಿನ ದನಿ ಸರಾಗವಾಗಿ ಓದುತ್ತಿತ್ತು. ಇದ್ದಕ್ಕಿದ್ದಂತೆ ಅಪ್ಪ ಕೈ ಎತ್ತಿದರು.

"ಏನಂದ್ಲು? ಮಾನಾರ್ಮಿ?"

ನಿಲ್ಲಿಸಿ ನೋಡಿದೆ. ಮಾರ್ನಾಮಿ, ಮಾನಾರ್ಮಿಯಾಗಿತ್ತು. ನಾವು ಅರ್ಕಾವತ್ತನ್ನು ಬರೆಯುವುದು ಅಕ್ಷರದ ಆಮೇಲೆ, ಉಚ್ಚರಿಸುವುದು ಮೊದಲು. ನುಡಿಯ ಕಡತದಲ್ಲಿ ಅದು ಬರೆದ ಜಾಗದಲ್ಲೇ ಇರುತ್ತದೆ. ಯೂನಿಕೋಡಿನಲ್ಲಿ ಉಚ್ಚರಿಸುವ ಜಾಗಕ್ಕೆ ಎತ್ತಿಡಬೇಕು. ನನ್ನ ಸ್ಕ್ರಿಪ್ಟು ತಲೆಕಟ್ಟಿನ ಅಕ್ಷರಕ್ಕೆ ಮಾತ್ರ ಅದನ್ನು ಮಾಡುತ್ತಿತ್ತು, ದೀರ್ಘವಿದ್ದರೆ ಬಿಟ್ಟುಬಿಡುತ್ತಿತ್ತು. ಕಾಲೇಜಿನಿಂದ ಆ ತಪ್ಪು ಅಲ್ಲಿ ಕೂತಿತ್ತು, ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಲ್ಯಾಪ್‌ಟಾಪ್ ತಂದು ಅಲ್ಲೇ ತಿದ್ದಿ, ಇಡೀ ಕಡತವನ್ನು ಮತ್ತೆ ಪರಿವರ್ತಿಸಿ ಫೋನಿಗೆ ಹಾಕಿದೆ. ಮಾರ್ನಾಮಿ ಅಂದಳು. ಅಪ್ಪ "ಹಾಂ" ಅಂದರು, ತರಗತಿಯಲ್ಲಿ ಹುಡುಗರು ಮಗ್ಗಿ ಸರಿಯಾಗಿ ಒಪ್ಪಿಸಿದಾಗ ಹೇಳುತ್ತಿದ್ದ ಹಾಗೆ.

ಮೂರನೆಯ ದಿನ ಕಣದ ಪದಗಳಿಗೆ ಬಂದರು. ಹಗೇವು: ಜೋಳ, ರಾಗಿ ಕೆಡದಂತೆ ತುಂಬಿಡಲು ನೆಲದೊಳಗೆ ತೋಡಿದ ಗುಂಡಿ. ಫೋನು ಅಷ್ಟು ಓದಿ ಮುಂದಿನ ಪದಕ್ಕೆ ಹೋಯಿತು.

"ಅಷ್ಟೇನಾ?" ಅಂದರು ಅಪ್ಪ. "ಬಾಯಿ ತೆಗೆದ ಕೂಡ್ಲೇ ಇಳೀಬಾರ್ದು, ಮೊದ್ಲು ದೀಪ ಇಳಿಸಿ ನೋಡ್ಬೇಕು, ದೀಪ ಆರಿದ್ರೆ ಒಳಗೆ ಉಸಿರಿಲ್ಲ ಅಂತ. ಅದನ್ ಬರೆದಿಲ್ವಾ ನಾನು?"

"ಇಲ್ಲ ಅಪ್ಪ."

"ಬರಿ ಮತ್ತೆ."

ತಮ್ಮ ತೋಟದಿಂದ ಬಂದು ಕೈಕಾಲು ತೊಳೆಯುತ್ತಿದ್ದ. "ಅದಕ್ಕೆ ಇಳಿಯೋ ಹಗ್ಗಕ್ಕೆ ಬೇರೆ ಹೆಸ್ರೈತಲ್ಲಪ್ಪ?" ಎಂದು ಅಲ್ಲಿಂದಲೇ ಕೂಗಿದ. ಅಪ್ಪ ಕಣ್ಣು ಮುಚ್ಚಿ ನೆನಪು ಮಾಡಿಕೊಳ್ಳತೊಡಗಿದರು. ನಾನು ಕರ್ಸರನ್ನು ಹಗೇವಿನ ಸಾಲಿನ ಕೊನೆಗೆ ತಂದು ಕಾಯುತ್ತ ಕೂತೆ.