ಹಡಗಿನೊಳಗಿನ ಇಲಿ

ನಮ್ಮ ಅಜ್ಜಿಯು ಕಾಲವಾಗಿ ವೈಕುಂಠ ಸಮಾರಾಧನೆಯೆಲ್ಲ ಮುಗಿದ ಮರುದಿನ ಆಕೆಯ ಮರದ ಪೆಟ್ಟಿಗೆಯನ್ನು ನಡುಮನೆಗೆ ತಂದು ತೆರೆದರು. ನಾನಾಗ ಹನ್ನೆರಡು ವರ್ಷದ ಹುಡುಗ. ದೊಡ್ಡಪ್ಪನವರು ತಕ್ಕಡಿ ಹಿಡಿದು ಕುಳಿತರು. ಬೆಳ್ಳಿಯದೆಲ್ಲ ಒಂದು ಕಡೆ, ಹಿತ್ತಾಳೆಯದೆಲ್ಲ ಇನ್ನೊಂದು ಕಡೆ. ಹಳೆಯ ಕಾಗದ, ಚಿಂದಿ ಬಟ್ಟೆ, ಒಣಗಿ ಪುಡಿಯಾಗಿದ್ದ ಯಾವುದೋ ಬೇರಿನ ಗಂಟು, ಇವುಗಳನ್ನು ಬಚ್ಚಲೊಲೆಗೆ ಹಾಕಿ ಬರುವುದು ನನ್ನ ಪಾಲಿಗೆ ಬಂದ ಕೆಲಸ. ಬಹಳ ಹುರುಪಿನಿಂದಲೇ ಮಾಡಿದೆನು. ಸಂಜೆಯ ಹೊತ್ತಿಗೆ ಪೆಟ್ಟಿಗೆ ಬರಿದಾಯಿತು. ಯಾರ ಮನಸ್ಸೂ ನೋಯದಂತೆ ಪಾಲಾಯಿತು. ಹಂಡೆಯಲ್ಲಿ ನೀರೂ ಕಾಯ್ದಿತು.

ಮಾರನೆಯ ದಿನ ಸೋದರತ್ತೆಯವರು ಒಂದು ಪುಟ್ಟ ಬೆಳ್ಳಿಯ ಕಾಲ್ಗೆಜ್ಜೆಯನ್ನು ಕೈಯಲ್ಲಿ ಹಿಡಿದುಕೊಂಡು ಬಂದು, “ಇದನ್ನು ಯಾವ ಬಟ್ಟೆಯಲ್ಲಿ ಕಟ್ಟಿತ್ತೋ, ಮಗು?” ಎಂದು ಕೇಳಿದರು. ದೊಡ್ಡಪ್ಪನವರು ಹುಟ್ಟುವುದಕ್ಕೆ ಮೊದಲು ಅಜ್ಜಿಗೆ ಎರಡು ಮಕ್ಕಳಾಗಿ ಹೋಗಿದ್ದುವಂತೆ. ಒಂದರ ತೊಟ್ಟಿಲ ಬಟ್ಟೆ ಹಸುರು, ಮತ್ತೊಂದರದು ಅರಿಸಿನ. ಆ ಗೆಜ್ಜೆ ಯಾವ ಕೂಸಿನದೆಂಬುದನ್ನು ಹೇಳಬಲ್ಲ ಸಾಕ್ಷಿ ಆ ಚಿಂದಿಯೊಂದೇ ಆಗಿತ್ತು. ನನಗೆ ನೆನಪಿರಲಿಲ್ಲ. ಅತ್ತೆಯವರು ಬೈಯಲಿಲ್ಲ, “ಹೋಗಲಿ ಬಿಡು” ಎಂದರು. ಆಮೇಲೆ ಯಾರೂ ಇಲ್ಲದಾಗ ನಾನು ಒಲೆಯ ಬೂದಿಯನ್ನು ಕೆದಕಿ ನೋಡಿದುದುಂಟು.

ಇಷ್ಟು ವರ್ಷಗಳ ಮೇಲೆ ಈ ಸಂಗತಿಯು ಮತ್ತೆ ಮನಸ್ಸಿಗೆ ಬಂದುದು, ಮುಳುಗಿದ ಹಡಗುಗಳ ವಿಚಾರವನ್ನು ಓದುತ್ತಿದ್ದಾಗ. 1752ನೆಯ ಇಸವಿಯ ಜನವರಿಯಲ್ಲಿ ಗೆಲ್ಡರ್‌ಮಾಲ್ಸೆನ್ ಎಂಬ ಡಚ್ಚರ ಹಡಗು ಚೀನಾದೇಶದ ಕ್ಯಾಂಟನ್ ಪಟ್ಟಣದಿಂದ ಚಹ, ಪಿಂಗಾಣಿ, ಚಿನ್ನ ಇವುಗಳನ್ನು ಹೇರಿಕೊಂಡು ಸ್ವದೇಶಕ್ಕೆ ಹಿಂದಿರುಗುತ್ತಿರುವಾಗ ದಕ್ಷಿಣ ಚೀನಾ ಸಮುದ್ರದಲ್ಲಿ ಬಂಡೆಗೆ ತಗುಲಿ ಮುಳುಗಿತು. ಅದರಲ್ಲಿದ್ದ 112 ಮಂದಿಯಲ್ಲಿ ಬದುಕಿ ಬಂದವರು 32 ಮಂದಿ. 1985ರಲ್ಲಿ ಮೈಕೆಲ್ ಹ್ಯಾಚರ್ ಎಂಬಾತನ ತಂಡದವರು ಅದನ್ನು ಪತ್ತೆಮಾಡಿ, ಒಂದೂವರೆ ಲಕ್ಷಕ್ಕೂ ಮಿಕ್ಕ ಪಿಂಗಾಣಿಯನ್ನೂ ನೂರಕ್ಕೂ ಹೆಚ್ಚು ಚಿನ್ನದ ಗಟ್ಟಿಗಳನ್ನೂ ಮೇಲೆತ್ತಿದರು. ಮರುವರ್ಷ ಆಮ್‌ಸ್ಟರ್‌ಡ್ಯಾಮಿನಲ್ಲಿ ಹರಾಜು. ಬಟ್ಟಲುಗಳು ಇನ್ನೂರು ಮೂವತ್ತು ವರ್ಷ ಕಡಲಲ್ಲಿದ್ದೂ ಹಾಳಾಗದೆ ಉಳಿದುದಕ್ಕೆ ಅವುಗಳನ್ನು ಮುಚ್ಚಿಕೊಂಡಿದ್ದ ಚಹದ ಎಲೆಯೇ ಕಾರಣವೆನ್ನುತ್ತಾರೆ. ಆ ಚಹಕ್ಕೆ ಹರಾಜಿನಲ್ಲಿ ಬೆಲೆಯೆಲ್ಲಿ ಬರಬೇಕು! ಹಡಗಿನ ಒಡಲು ಹೇಗಿತ್ತು, ಯಾವ ವಸ್ತು ಯಾವುದರ ಮಗ್ಗುಲಲ್ಲಿತ್ತು ಎಂಬುದನ್ನು ಪುರಾತತ್ತ್ವಜ್ಞರ ಕ್ರಮದಿಂದ ಅಳೆದು ಬರೆದಿಡಲಿಲ್ಲ. ಬಟ್ಟಲುಗಳು ಈಗ ನಾನಾ ದೇಶದವರ ಗಾಜಿನ ಬೀರುಗಳಲ್ಲಿ ಬಹಳ ಅಂದವಾಗಿ ಕುಳಿತಿವೆ.

ಇನ್ನೊಂದು ಹಡಗಿನ ಕಥೆಯೇ ಬೇರೆ. 1982ರಲ್ಲಿ ತುರ್ಕಿಯ ದಕ್ಷಿಣ ತೀರದಲ್ಲಿ, ಉಲುಬುರುನ್ ಎಂಬ ಭೂಶಿರದ ಬಳಿ, ಸಮುದ್ರದ ಸ್ಪಂಜನ್ನು ಕಿತ್ತು ತರುವ ಮುಳುಗುಗಾರನೊಬ್ಬನು ಮೇಲೆ ಬಂದು, ತಳದಲ್ಲಿ ಕಿವಿಗಳುಳ್ಳ ಲೋಹದ ಬಿಸ್ಕತ್ತುಗಳನ್ನು ಕಂಡೆನೆಂದನು. ಅವು ತಾಮ್ರದ ಗಟ್ಟಿಗಳು. ಹಡಗು ಮುಳುಗಿ ಮೂರು ಸಾವಿರದ ಮುನ್ನೂರು ವರ್ಷಗಳಾಗಿದ್ದುವು. ಜಾರ್ಜ್ ಬಾಸ್, ಜೆಮಾಲ್ ಪುಲಾಕ್ ಎಂಬ ಪಂಡಿತರ ಮುಂದಾಳುತನದಲ್ಲಿ 1984ರಿಂದ 1994ರವರೆಗೆ ಅಲ್ಲಿ ಉತ್ಖನನವು ನಡೆಯಿತು. ಸರಕು ಬಿದ್ದಿದ್ದುದು ನಲವತ್ತು ಮೀಟರಿಗಿಂತ ಕೆಳಗೆ. ಅಷ್ಟು ಆಳದಲ್ಲಿ ಹೆಚ್ಚು ಹೊತ್ತು ನಿಲ್ಲಲಾಗದು. ಒಂದು ಸಲಕ್ಕೆ ಇಪ್ಪತ್ತು ನಿಮಿಷ, ದಿನಕ್ಕೆ ಎರಡು ಸಲ. ಹೀಗೆ ಒಟ್ಟು 22,413 ಬಾರಿ ಮುಳುಗಿದರಂತೆ! ಹತ್ತು ಟನ್ ತಾಮ್ರ, ಒಂದು ಟನ್ ತವರ, ಈಜಿಪ್ಟಿನ ರಾಣಿ ನೆಫರ್‌ಟಿಟಿಯ ಹೆಸರುಳ್ಳ ಚಿನ್ನದ ಮುದ್ರೆ, ಇವೆಲ್ಲ ದೊರೆತುವು. ಆದರೆ ನನ್ನನ್ನು ಸೆರೆಹಿಡಿದವು ಬೇರೆ ಎರಡು. ದಾಳಿಂಬೆಯ ಹಣ್ಣುಗಳಿದ್ದ ಗುಡಾಣವೊಂದರೊಳಗೆ ಮಡಿಸುವ ಮರದ ಬರೆಹಲಗೆಯೊಂದು ಸಿಕ್ಕಿತು. ಮೇಣವನ್ನು ಬಳಿದು ಅದರ ಮೇಲೆ ಬರೆಯುತ್ತಿದ್ದರು. ಮೇಣ ಹೋಗಿದೆ, ಬರೆಹವೂ ಹೋಗಿದೆ. ಮತ್ತೊಂದು, ಮಣ್ಣಿನಲ್ಲಿ ಹುಡುಕಿ ತೆಗೆದ ಇಲಿಯ ದವಡೆಯ ಮುರುಕು. ನಮ್ಮ ಮನೆಗಳಲ್ಲಿ ತಿರುಗಾಡುವಂತಹ ಇಲಿಯೇ. ಆ ದವಡೆಯ ಹಲ್ಲಿನ ಆಕಾರವನ್ನು ಬೇರೆ ಬೇರೆ ಕಡೆಯ ಇಲಿಗಳ ಹಲ್ಲಿನೊಡನೆ ಹೋಲಿಸಿ, ಅದು ಸಿರಿಯಾದ ಉತ್ತರ ತೀರದ ರೇವಿನಲ್ಲಿ ಹಡಗನ್ನು ಹತ್ತಿರಬೇಕೆಂದು 2008ರಲ್ಲಿ ಪಂಡಿತರು ಊಹಿಸಿದರು. ಹಡಗು ಎಲ್ಲಿಂದ ಬಂದಿತೆಂಬ ಪ್ರಶ್ನೆಗೆ ಚಿನ್ನದ ಮುದ್ರೆಯು ಬಾಯಿಬಿಡದ ಕಡೆ ಇಲಿಯು ಸಾಕ್ಷಿ ಹೇಳಿತು. ನಮ್ಮ ದೊಡ್ಡಪ್ಪನವರಂತಹವರು ಅಲ್ಲಿ ತಕ್ಕಡಿ ಹಿಡಿದು ಕುಳಿತಿದ್ದರೆ ಅದು ಬಚ್ಚಲೊಲೆಗೇ ಸರಿ.

ಇಂತಹುದನ್ನೆಲ್ಲ ಮೇಲೆ ತಂದುಬಿಟ್ಟರೆ ಕ್ಷೇಮವೆಂದು ನಾನೂ ತಿಳಿದಿದ್ದೆನು. ಹಾಗಲ್ಲವಂತೆ. ಕೆಸರಿನಲ್ಲಿ ಹೂತು ಗಾಳಿ ಸೋಕದೆ ಇರುವ ಮರವು ಶತಮಾನಗಟ್ಟಲೆ ಬಾಳುವುದು. ಹೊರಗೆ ತಂದು ಸುಮ್ಮನೆ ಒಣಗಬಿಟ್ಟರೆ ಕುಗ್ಗಿ ಸೀಳುವುದು. ಸ್ವೀಡನ್ನಿನವರು 1628ರಲ್ಲಿ ಮುಳುಗಿದ ವಾಸಾ ಎಂಬ ಹಡಗನ್ನು 1961ರಲ್ಲಿ ಎತ್ತಿ, ಅದರ ಮೈಮೇಲೆ ಮೇಣದಂತಹ ಒಂದು ರಾಸಾಯನಿಕವನ್ನು ಹದಿನೇಳು ವರ್ಷ ಸಿಂಪಡಿಸಬೇಕಾಯಿತು. ಬಾಣಂತಿಯ ಆರೈಕೆಯಾದರೂ ಇಷ್ಟು ದೀರ್ಘವಲ್ಲ. ಆದುದರಿಂದ 2001ರಲ್ಲಿ ಯುನೆಸ್ಕೋ ಸಂಸ್ಥೆಯು ಅಂಗೀಕರಿಸಿ, 2009ರಲ್ಲಿ ಜಾರಿಗೆ ಬಂದ ಒಪ್ಪಂದವು, ನೂರು ವರ್ಷಕ್ಕೆ ಕಡಮೆಯಿಲ್ಲದೆ ನೀರಿನಲ್ಲಿರುವ ಅವಶೇಷಗಳನ್ನು ಮೊದಲು ಇದ್ದಲ್ಲಿಯೇ ಕಾಪಾಡುವ ವಿಚಾರ ಮಾಡತಕ್ಕದ್ದೆಂದೂ, ಅವುಗಳನ್ನು ವ್ಯಾಪಾರಕ್ಕಾಗಿ ಎತ್ತಿ ಚದರಿಸಕೂಡದೆಂದೂ ವಿಧಿಸಿದೆ. ಒಪ್ಪಿ ಸಹಿ ಹಾಕಿದ ರಾಜ್ಯಗಳಿಗೆ ಮಾತ್ರ ಅದರ ಕಟ್ಟು. ಕಡಲ ತಳಕ್ಕೆ ಪೊಲೀಸಿನವರನ್ನು ಕಳುಹಿಸುವುದೂ ಸುಲಭವಲ್ಲ.

ಆ ಗೆಜ್ಜೆಯು ಈಗ ನಮ್ಮ ಮನೆಯಲ್ಲಿದೆ. ಹೋದ ತಿಂಗಳು ಹಬ್ಬಕ್ಕೆಂದು ಬೆಳ್ಳಿಯ ಪಾತ್ರೆಗಳನ್ನು ವಿಭೂತಿಯಿಂದ ಉಜ್ಜುತ್ತಿದ್ದ ನನ್ನ ಹೆಂಡತಿಯು ಅದನ್ನೂ ಕೈಗೆತ್ತಿಕೊಂಡಳು. ನಾನು ಬೇಡವೆಂದೆನು. ಬೆಳಕಿಗೆ ಹಿಡಿದು ನೋಡಿದರೆ ಕೊಂಡಿಯ ಸಂದಿನಲ್ಲಿ ಕೂದಲಿನಷ್ಟು ಸಣ್ಣ ನೂಲೊಂದು ಸಿಕ್ಕಿಕೊಂಡಿದೆ. ಬೆಳ್ಳಿಯ ಕಿಲುಬು ಹತ್ತಿ ಕಪ್ಪಾಗಿದೆ. ಹಸುರೆಂದು ಆಕೆ ಹೇಳುತ್ತಾಳೆ. ನನ್ನ ಕಣ್ಣಿಗೆ ಹಾಗೆ ಕಾಣಲಿಲ್ಲ. ಅತ್ತೆಯವರು ಇದ್ದಿದ್ದರೆ ತೋರಿಸಬಹುದಾಗಿತ್ತು.