ತಿರುಳ್ಗನ್ನಡದ ಸೀಮೆಯಲ್ಲಿ ಕಿಸೆಯೊಳಗಿನ ನಾಟಕ

ಗದಗ ಬಸ್ ನಿಲ್ದಾಣದಲ್ಲಿ ಲಕ್ಷ್ಮೇಶ್ವರದ ಬಸ್ಸಿಗೆ ಕಾಯುತ್ತ ಕುಳಿತಿದ್ದೆ. ಪಕ್ಕದಲ್ಲಿ ರುಮಾಲು ಸುತ್ತಿದ ಒಬ್ಬ ಅಜ್ಜ. ಎಲೆಅಡಿಕೆಯ ಸಂಚಿ ಬಿಚ್ಚುವಷ್ಟೇ ನಿಧಾನವಾಗಿ ಅಂಗಿಯ ಕಿಸೆಯಿಂದ ಮೊಬೈಲ್ ತೆಗೆದು, ಕಣ್ಣಿಗೆ ಹತ್ತಿರ ಹಿಡಿದು, ಹೆಬ್ಬೆರಳಿನಿಂದ ಎರಡು ಸಲ ಸವರಿದ. ಕಂಪನಿ ನಾಟಕದ ಹಾಸ್ಯದ ತುಣುಕೊಂದು ಶುರುವಾಯಿತು. ಅಜ್ಜ ನಕ್ಕ, ಬೆಂಚಿನ ಮೇಲಿದ್ದ ನಾಲ್ಕು ಮಂದಿಯೂ ನಕ್ಕರು.

"ಖರೇ ನಾಟಕ ನೋಡಾಕ ಹೋಗೂದಿಲ್ಲೇನ್ರಿ?" ಎಂದು ಕೇಳಿದೆ.

"ಟಿಕೀಟ ಕೊಟ್ಟು ಯಾರು ಹೋಗ್ತಾರ್ರೀ? ನಗೂದೆಲ್ಲಾ ಇದರಾಗ ಬರ್ತೈತಿ" ಎಂದ ಅಜ್ಜ.

ಬಸ್ಸು ಹತ್ತಿದ ಮೇಲೂ ಆ ಮಾತು ನನ್ನ ಜೊತೆಗೇ ಬಂತು. ಗದಗ ಎಂದರೆ ನಾಟಕದ ಊರು. ಗರುಡ ಸದಾಶಿವರಾಯರ ದತ್ತಾತ್ರೇಯ ನಾಟಕ ಮಂಡಳಿ ಇಲ್ಲಿಯದು. ಹತ್ತಿರದ ಶಿರಹಟ್ಟಿ ವೆಂಕೋಬರಾಯರನ್ನು ಕೊಟ್ಟಿತು. ಗದಗಿನ ವೀರೇಶ್ವರ ಪುಣ್ಯಾಶ್ರಮವನ್ನು ನಡೆಸಲು ಪುಟ್ಟರಾಜ ಗವಾಯಿಗಳು ಕಟ್ಟಿದ್ದೂ ಒಂದು ನಾಟಕ ಕಂಪನಿಯನ್ನೇ. ಜನ ಟಿಕೀಟಿಗೆ ಕೊಟ್ಟ ಹಣದಿಂದ ಅಂಧ, ಅನಾಥ ಮಕ್ಕಳಿಗೆ ಅನ್ನವೂ ಸಂಗೀತವೂ ಸಿಕ್ಕಿತು. ಅಜ್ಜ ಬೇಡವೆಂದ ಟಿಕೀಟಿಗೆ ಈ ಊರಿನಲ್ಲಿ ಅಷ್ಟು ಬೆಲೆಯಿತ್ತು.

ಹಾಗೆಂದು ಯಂತ್ರವನ್ನೇ ಬೈಯುವಂತೆಯೂ ಇಲ್ಲ. 1922ರಲ್ಲಿ ಈ ಸೀಮೆಯಲ್ಲಿ ಹುಟ್ಟಿದ ಭೀಮಸೇನ ಜೋಶಿಯವರ ಕತೆ ನಿಮಗೆ ಗೊತ್ತೇ ಇದೆ. ಅಬ್ದುಲ್ ಕರೀಂ ಖಾನರ ಝಿಂಝೋಟಿ ಠುಮ್ರಿಯ ಗ್ರಾಮೋಫೋನ್ ತಟ್ಟೆ ಕೇಳಿ ಹುಚ್ಚು ಹಿಡಿಸಿಕೊಂಡ ಹುಡುಗ, 1933ರಲ್ಲಿ, ಹನ್ನೊಂದನೆಯ ವಯಸ್ಸಿಗೆ, ಗುರುವನ್ನು ಹುಡುಕುತ್ತ ಮನೆ ಬಿಟ್ಟು ಓಡಿದ. ಗ್ರಾಮೋಫೋನೂ ಕಡಲಾಚೆಯಿಂದ ಬಂದ ಯಂತ್ರವೇ ತಾನೆ? ಆದರೆ ತಟ್ಟೆ ಕೊಟ್ಟದ್ದು ಆಸೆ. ವಿದ್ಯೆ ಕೊಟ್ಟದ್ದು ಕುಂದಗೋಳದಲ್ಲಿ ಸವಾಯಿ ಗಂಧರ್ವರ ಮನೆ. ಅಲ್ಲಿ ನೀರು ಹೊತ್ತು, ಮನೆಗೆಲಸ ಮಾಡಿ, ಕಾದು ಕಲಿಯಬೇಕಾಯಿತು.

ಕಪ್ಪು ಎರೆಹೊಲಗಳ ನಡುವೆ ಬಸ್ಸು ಲಕ್ಷ್ಮೇಶ್ವರ ಮುಟ್ಟಿತು. ಇದೇ ಹಳೆಯ ಪುಲಿಗೆರೆ. ಒಂಬತ್ತನೆಯ ಶತಮಾನದ ಕವಿರಾಜಮಾರ್ಗ ತಿರುಳ್ಗನ್ನಡದ ನಾಡನ್ನು ಗುರುತಿಸುವಾಗ ಹೆಸರಿಸಿದ ನಾಲ್ಕು ಊರುಗಳಲ್ಲಿ ಇದೂ ಒಂದು. ಪಂಪ ತನ್ನ ಕಾವ್ಯಕ್ಕೆ ಆರಿಸಿಕೊಂಡ ಕನ್ನಡವೂ ಪುಲಿಗೆರೆಯದೇ. ಸೋಮೇಶ್ವರ ದೇವಾಲಯದ ಅಂಗಳದಲ್ಲಿ ಮೂವರು ಹುಡುಗರು ಮೊಬೈಲನ್ನು ಕಲ್ಲಿಗೆ ಆನಿಸಿಟ್ಟು ರೀಲ್ಸ್ ಮಾಡುತ್ತಿದ್ದರು. ಟಿಕ್‌ಟಾಕ್ 2020ರ ಜೂನ್‌ನಲ್ಲಿ ನಿಷೇಧವಾಯಿತು, ಚಟ ಮಾತ್ರ ಇನ್ನೊಂದು ಹೆಸರಿನಲ್ಲಿ ಉಳಿಯಿತು. ಗಂಡ ಹೆಂಡಿರ ಜಗಳದ ಒಂದು ಸಣ್ಣ ಪ್ರಹಸನ. ಮಾತು ಅಪ್ಪಟ ಈ ಕಡೆಯದು.

ನನಗೆ ಸಂತೋಷವೇ ಆಯಿತು. ಸಿನಿಮಾದವರೂ ಟೀವಿಯವರೂ ಬೆಂಗಳೂರು, ಮೈಸೂರಿನ ಕನ್ನಡವನ್ನು ನಾಯಕನಿಗೆ ಕೊಟ್ಟು, ನಮ್ಮ ಕಡೆಯ ಮಾತನ್ನು ನಗಿಸುವ ಪಾತ್ರಕ್ಕೆ ಎಷ್ಟು ವರ್ಷ ಮೀಸಲಿಟ್ಟಿದ್ದರು! ಈಗ ಈ ಹುಡುಗರು ಯಾರ ಅಪ್ಪಣೆಯನ್ನೂ ಕೇಳಬೇಕಿಲ್ಲ. ಪಕ್ಕದ ಸವಣೂರು ತಾಲ್ಲೂಕಿನ ಚಿಲ್ಲೂರು ಬಡ್ನಿ ತಾಂಡಾದ ಹನುಮಂತ ಲಮಾಣಿ ಕುರಿ ಕಾಯುತ್ತ ಹಾಡಿಕೊಂಡಿದ್ದ ಹುಡುಗ. ಟೀವಿಯ ಹಾಡಿನ ಸ್ಪರ್ಧೆಯಿಂದ ಮನೆಮಾತಾಗಿ, 2025ರ ಜನವರಿಯಲ್ಲಿ ಕನ್ನಡದ ಬಿಗ್ ಬಾಸ್ ಗೆದ್ದ. ಆ ಆಟ ಮೂಲತಃ 1999ರಲ್ಲಿ ನೆದರ್ಲೆಂಡ್ಸ್‌ನಲ್ಲಿ ಹುಟ್ಟಿದ್ದು. ಡಚ್ಚರ ಅಚ್ಚಿನಲ್ಲಿ ತಾಂಡಾದ ಹುಡುಗ ಗೆದ್ದ! ಆದರೂ ಗೆದ್ದದ್ದು ಅಚ್ಚಿನೊಳಗೇ ಎಂಬುದನ್ನು ಮರೆಯಬಾರದು. ರೀಲ್ಸ್ ಮಾಡುವ ಹುಡುಗರೂ ಮೊದಲ ಮೂರು ಸೆಕೆಂಡಿನಲ್ಲಿ ನಗಿಸಲೇಬೇಕು. ಇಲ್ಲದಿದ್ದರೆ ಹೆಬ್ಬೆರಳು ಮುಂದಕ್ಕೆ ಹೋಗುತ್ತದೆ. ರಾತ್ರಿಯಿಡೀ ನಡೆಯುವ ನಾಟಕಕ್ಕೆ ಅಂಥ ಅವಸರ ಇರಲಿಲ್ಲ.

ಶಿರಹಟ್ಟಿ ಅಲ್ಲಿಂದ ದೂರವಿಲ್ಲ. ಫಕೀರೇಶ್ವರ ಮಠದ ಊರು. ಹಿಂದೂ, ಮುಸ್ಲಿಂ ಎನ್ನದೆ ಎಲ್ಲರೂ ನಡೆದುಕೊಳ್ಳುವ ಗದ್ದುಗೆ. ಕೈಮುಗಿದು ಹೊರಗೆ ಬಂದರೆ ಎದುರಿಗೆ ಮದುವೆಯ ಮೆರವಣಿಗೆ. ಟ್ರ್ಯಾಕ್ಟರಿನ ಮೇಲೆ ಪೆಟ್ಟಿಗೆಗಳನ್ನು ಗೋಡೆಯಂತೆ ಒಟ್ಟಿದ ಡಿ.ಜೆ. ಹಾಡಿನ ಮಾತು ಜಾನಪದದ್ದು. ಬಡಿತ ಯಾವ ದೇಶದ್ದೋ. ಎದೆಯೊಳಗಿನ ಗುಂಡಿಗೆಯೇ ಕುಣಿಯಿತು. ಚಹದಂಗಡಿಯಲ್ಲಿ ಹಿರಿಯರೊಬ್ಬರು ಹೇಳಿದರು: "ಕರಡಿ ಮಜಲಿಗೆ ಎಂಟು ಮಂದಿ ಬೇಕಾಗ್ತಿದ್ರು. ಅವರಿಗೆ ಊಟ ಹಾಕಬೇಕು, ಕಾಯಿ ಕೊಡಬೇಕು. ಇದಕ್ಕ ಒಬ್ಬಾಂವ ಸಾಕು." ಎಂಟು ಮಂದಿಯ ವಿದ್ಯೆ ಒಬ್ಬನ ಬಾಡಿಗೆಯಾದ ಕತೆಯನ್ನು ಇದಕ್ಕಿಂತ ಚಿಕ್ಕದಾಗಿ ಯಾರು ಹೇಳಿಯಾರು?

ಮುಂಡರಗಿಯ ದಾರಿಯಲ್ಲಿ ಕಪ್ಪತಗುಡ್ಡ ಕಾಣಿಸುತ್ತದೆ. ಗುಡ್ಡದ ನೆತ್ತಿಯ ಮೇಲೆ ಗಾಳಿಯಂತ್ರಗಳು ತಣ್ಣಗೆ ತಿರುಗುತ್ತವೆ. 1858ರಲ್ಲಿ ಬ್ರಿಟಿಷರ ವಿರುದ್ಧ ಎದ್ದ ಮುಂಡರಗಿ ಭೀಮರಾಯನ ನೆಲ ಇದು. ಈ ತಾಲ್ಲೂಕಿನ ಹಳ್ಳಿಗುಡಿಯ ಬಳಿ ದಕ್ಷಿಣ ಕೊರಿಯಾದ ಪೋಸ್ಕೋ ಕಂಪನಿಯ ಉಕ್ಕಿನ ಕಾರ್ಖಾನೆ ಬರುತ್ತದೆಂದಾಗ ರೈತರು ಬೇಡವೆಂದರು. ಗದಗಿನ ತೋಂಟದ ಸಿದ್ಧಲಿಂಗ ಸ್ವಾಮಿಗಳು ಮುಂದೆ ನಿಂತರು. 2011ರಲ್ಲಿ ಸರ್ಕಾರ ಯೋಜನೆಯನ್ನು ಕೈಬಿಟ್ಟಿತು. ಕೊರಿಯಾದ ಕಾರ್ಖಾನೆಯನ್ನು ತಡೆದ ಇದೇ ಊರುಗಳ ಕಿಸೆಗೆ ಕೊರಿಯಾದ ಫೋನು ಮಾತ್ರ ಸದ್ದಿಲ್ಲದೆ ಬಂದು ಕುಳಿತಿತು. ಹೊಲ ಕೇಳಿದವನಿಗೆ ಇಲ್ಲವೆನ್ನಬಹುದು. ಹೊತ್ತು ಕೇಳಿದವನಿಗೆ ಹೇಗೆ ಇಲ್ಲವೆನ್ನುವುದು?

ಸಂಜೆ ಮರಳಿ ಗದಗಿಗೆ ಬಂದು ಪುಣ್ಯಾಶ್ರಮಕ್ಕೆ ಹೋದೆ. ಪಂಚಾಕ್ಷರಿ ಗವಾಯಿಗಳೂ ಪುಟ್ಟರಾಜರೂ ಕಣ್ಣಿಲ್ಲದೆ ಸಾವಿರಾರು ಜನಕ್ಕೆ ಸ್ವರ ತೋರಿಸಿದ ಜಾಗ. 1995ರಲ್ಲಿ ಪಂಚಾಕ್ಷರಿ ಗವಾಯಿಗಳ ಮೇಲೆ ತೆಗೆದ ಚಿತ್ರಕ್ಕಾಗಿ ಹಂಸಲೇಖರಿಗೂ ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರಿಗೂ ರಾಷ್ಟ್ರಪ್ರಶಸ್ತಿ ಬಂತು. ಜನಪ್ರಿಯ ಮಾಧ್ಯಮ ಈ ಜಾಗದ ಋಣವನ್ನು ಒಮ್ಮೆಯಾದರೂ ತೀರಿಸಿದೆ ಎನ್ನಿ.

ಮೂಲೆಯಲ್ಲಿ ಹಾರ್ಮೋನಿಯಂ ಮುಂದೆ ಕುಳಿತ ಒಬ್ಬ ಹುಡುಗ. ಕಣ್ಣಿಲ್ಲ. ತೊಡೆಯ ಪಕ್ಕ ಮೊಬೈಲು. ಅದು ಪರದೆಯ ಮೇಲಿನದನ್ನು ಕನ್ನಡದಲ್ಲಿ ಓದಿ ಹೇಳುತ್ತದೆ. ಬೇಕಾದ ಗಾಯಕರನ್ನು ಹುಡುಕಿ ಕೊಡುತ್ತದೆ. ಭೀಮಸೇನರನ್ನು ದಿನವೂ ಕೇಳುತ್ತಾನಂತೆ. ಊರಿಗೊಂದು ತಟ್ಟೆ ಸಿಕ್ಕರೆ ಹೆಚ್ಚೆನ್ನುವ ಕಾಲದಲ್ಲಿ ಇಂಥ ಭಾಗ್ಯ ಯಾರಿಗಿತ್ತು?

"ಹಂಗಾದ್ರ ಫೋನಿನಾಗೇ ಕಲೀಬಹುದಲ್ಲಪಾ?" ಎಂದೆ.

ಹುಡುಗ ನಕ್ಕ. "ಫೋನಿನಾಗ ಎಲ್ಲಾರೂ ಸಿಗ್ತಾರ್ರೀ. ಆದ್ರ ನಾ ತಪ್ಪು ಹಾಡಿದ್ರ ಅದು ಸುಮ್ಮನ ಇರತೈತಿ."

ಒಳಗಿನಿಂದ ಗುರುಗಳ ಕೂಗು ಕೇಳಿತು. ಹುಡುಗ ಫೋನನ್ನು ಕಿಸೆಗೆ ಹಾಕಿ, ಗೋಡೆ ಸವರುತ್ತ ಎದ್ದು ಹೋದ. ಬಸ್ ನಿಲ್ದಾಣದ ಅಜ್ಜ ಇನ್ನೊಮ್ಮೆ ಸಿಕ್ಕರೆ ಹೇಳಬೇಕೆಂದುಕೊಂಡೆ: ಟಿಕೀಟು ಬರೀ ನಗುವುದಕ್ಕಲ್ಲ ಅಜ್ಜಾ, ತಪ್ಪು ಹಾಡಿದಾಗ ಸುಮ್ಮನಿರದವರೊಬ್ಬರು ಇರಲಿ ಎಂಬುದಕ್ಕೂ ಬೇಕು.