ಪ್ಲೇಯರಿನೊಳಗೆ ಏನೈತಿ?

ಗದಗಿನಲ್ಲಿ ಹಾಡಿನ ಮಾತು ತೆಗೆದರೆ ಅದು ಎಲ್ಲಿಗೆ ಹೋಗಿ ಮುಟ್ಟೀತು ಅಂತ ಹೇಳೋದು ಕಷ್ಟ. ಮೊನ್ನೆ ಬೆಟಗೇರಿಯಿಂದ ಬಂದ ಅಕ್ಕನ ಮಗ ಹಳೆಯ ಸಾನ್ಸಾ ಕ್ಲಿಪ್ ಪ್ಲೇಯರೊಂದನ್ನು ಮುಂದಿಟ್ಟು, "ಮಾಮಾ, ಇದರಾಗ ಆಂಡ್ರಾಯ್ಡ್ ಐತೇನು?" ಅಂದ. ಕಿಸೆಗೆ ಸಿಗಿಸುವ ಕೊಂಡಿ ಇನ್ನೂ ಗಟ್ಟಿಯಾಗಿತ್ತು.

ಆಂಡ್ರಾಯ್ಡ್ ಸೋನಿಯ ಈಚಿನ ಕೆಲವು ವಾಕ್‌ಮನ್‌ಗಳಲ್ಲಿದೆ; ಮೈಕ್ರೋಸಾಫ್ಟಿನ ಝೂನ್‌ನಲ್ಲಿದ್ದದ್ದು ವಿಂಡೋಸ್ ಸಿಇ. ಇಂಥ ಪುಟ್ಟ ಪ್ಲೇಯರಿನಲ್ಲಿ ಇರೋದು ಆ ಚಿಪ್ಪಿಗೆಂದೇ ಬರೆದ ಫರ್ಮ್‌ವೇರ್. ಸೆಟ್ಟಿಂಗ್ಸ್ ಹೊಕ್ಕು ನೋಡಿದೆವು. ಅದರ ಆವೃತ್ತಿಯ ಸಂಖ್ಯೆ 02ರಿಂದ ಶುರು. 01 ಇದ್ದರೆ ಮೊದಲ ಕ್ಲಿಪ್, 02 ಇದ್ದರೆ ಎರಡನೆಯದು. ಹೊರಗಿಂದ ನೋಡಿದರೆ ಎರಡೂ ಒಂದೇ, ಆದರೆ ಒಂದಕ್ಕೆ ಬರೆದದ್ದು ಇನ್ನೊಂದಕ್ಕೆ ಆಗಿಬರೋದಿಲ್ಲ.

ಇಷ್ಟೆಲ್ಲ ಯಾಕೆ, ಹಾಡು ಕೇಳಿದರೆ ಸಾಲದೇ ಅಂತೀರಾ? ತಡೀರಿ, ಅದಕ್ಕೂ ಮೊದಲು ಭೀಮಸೇನ ಜೋಶಿಯವರ ಮಾತು ಬರಬೇಕು. 1922ರಲ್ಲಿ ಹುಟ್ಟಿದ ನಮ್ಮೂರ ಹುಡುಗ. ಅಬ್ದುಲ್ ಕರೀಂ ಖಾನರ ಝಿಂಝೋಟಿ ಠುಮರಿಯ ರೆಕಾರ್ಡಿಗೆ ಮನಸೋತು, 1933ರಲ್ಲಿ ಗುರುವನ್ನು ಹುಡುಕುತ್ತ ಮನೆಯನ್ನೇ ಬಿಟ್ಟರು. ಆಗಿನ ರೆಕಾರ್ಡಿನ ಒಂದು ಮಗ್ಗುಲು ಮೂರು-ಮೂರೂವರೆ ನಿಮಿಷ. ಅಷ್ಟರಲ್ಲೇ ಎಂಥ ಕೆಲಸ ಆಗಿಹೋಯಿತು ನೋಡಿ! ಗ್ರಾಮೊಫೋನಿಗೆ ಕೀಲಿ ತಿರುವಿದರೆ ಮುಗೀತು, ಕಣ್ಣಿಲ್ಲದವರೂ ತಿರುವಬಹುದಿತ್ತು.

ಕಣ್ಣಿನ ಮಾತು ಬಂತಲ್ಲ, ವೀರೇಶ್ವರ ಪುಣ್ಯಾಶ್ರಮವನ್ನು ಬಿಟ್ಟು ಮುಂದೆ ಹೋಗೋದು ಹೇಗೆ? ಪಂಚಾಕ್ಷರಿ ಗವಾಯಿಗಳಿಗೂ ಪುಟ್ಟರಾಜ ಗವಾಯಿಗಳಿಗೂ ಕಣ್ಣಿರಲಿಲ್ಲ. ಎಷ್ಟು ಅಂಧ ಮಕ್ಕಳ ಕೈಗೆ ಅವರು ಹಾರ್ಮೋನಿಯಂ, ತಬಲಾ ಕೊಟ್ಟರು! ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಕಡೆ ಅವರನ್ನು ನೆನೆಯದೆ ಸಂಗೀತದ ಮಾತೇ ಏಳೋದಿಲ್ಲ. ಅಂಥ ಮಗುವಿಗೆ ಪರದೆ ನೋಡಿ ಹಾಡು ಆರಿಸುವ ಪ್ಲೇಯರ್ ಕೊಟ್ಟರೆ ಏನು ಉಪಯೋಗ?

ಅದಕ್ಕೇ ಆ 01, 02ರ ವಿಚಾರಣೆ. ಸ್ವೀಡನ್ನಿನ ಕೆಲವರು 2001ರಲ್ಲಿ ಆರ್ಕೋಸ್ ಪ್ಲೇಯರಿಗಾಗಿ ಶುರುಮಾಡಿದ ರಾಕ್‌ಬಾಕ್ಸ್ ಅನ್ನುವ ತಂತ್ರಾಂಶವಿದೆ, ದುಡ್ಡು ಕೊಡಬೇಕಿಲ್ಲ. ಸರಿಯಾದ ಮಾದರಿಗೆ ಸರಿಯಾದದ್ದನ್ನು ಹಾಕಿ, ದನಿಯ ಕಡತವನ್ನೂ ಸೇರಿಸಿದರೆ, ಗುಂಡಿ ಒತ್ತಿದಂತೆ ಮೆನುವಿನ ಸಾಲುಗಳನ್ನು ಪ್ಲೇಯರೇ ಓದಿ ಹೇಳುತ್ತದೆ. ಫೋಲ್ಡರುಗಳ ಹೆಸರು ಹೇಳುವ ದನಿತುಣುಕುಗಳನ್ನೂ ಕಂಪ್ಯೂಟರಿನಲ್ಲಿ ಮಾಡಿಕೊಳ್ಳಬಹುದು. ಭೈರವಿ ಬೇಕೋ ಯಮನ್ ಬೇಕೋ, ಕಿವಿಯಿಂದಲೇ ಆರಿಸಲಿ.

ಹುಡುಗ ಎರಡನೆಯ ಕ್ಲಿಪ್ಪಿನ ಕಡತ ಇಳಿಸಿಕೊಳ್ಳುತ್ತಿದ್ದಾನೆ. ಚಹಾ ತಗೋರಿ, ಪಂಚಾಕ್ಷರಿ ಗವಾಯಿಗಳ ಶಿಷ್ಯ ಬಸವರಾಜ ರಾಜಗುರುಗಳ ಮಾತು ಇನ್ನೂ ತೆಗದೇ ಇಲ್ಲ.